ಕ್ಯಾಟಲಾಗ್ ಒಳಗಿರಲಿ, ಫೋಟೋ ಹೊರಗಿರಲಿ: ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ದೊಡ್ಡ ಫೋಟೋ ಸಂಗ್ರಹ ನಿಭಾಯಿಸುವ ಬಗೆ

ಎರಡು ದಿನದ ಮದುವೆ, ಎರಡು ಕ್ಯಾಮೆರಾ ಎಂದರೆ ಸುಲಭವಾಗಿ 4,000 ಫ್ರೇಮು ಆಗುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲಿಗೆ (ಸೆನ್ಸರ್ ದಾಖಲಿಸಿದ್ದನ್ನು ಹಾಗೆಯೇ ಇಟ್ಟುಕೊಂಡ ಮೂಲ ಫೈಲು) 27 ಎಂಬಿ ಎಂದು ಹಿಡಿದರೂ ಒಂದೇ ಮದುವೆಗೆ 108 ಜಿಬಿ. ಸೀಸನ್ನಿಗೆ 20 ಮದುವೆ ಒಪ್ಪಿಕೊಳ್ಳುವ ಸ್ಟುಡಿಯೊದಲ್ಲಿ ವಿಡಿಯೊ ಲೆಕ್ಕ ಬಿಟ್ಟೂ 2 ಟಿಬಿ ದಾಟುತ್ತದೆ. ಲ್ಯಾಪ್‌ಟಾಪಿನ 512 ಜಿಬಿಯಲ್ಲಿ ಇದು ಹಿಡಿಯುವುದಿಲ್ಲ. ಹಾಗಾಗಿ ಎಕ್ಸ್‌ಟರ್ನಲ್ ಡಿಸ್ಕ್ ಅನಿವಾರ್ಯ.

ಡಿಸ್ಕ್ ಕೈಕೊಡುವುದುಂಟು. ಆದರೆ ‘ಫೋಟೋ ಎಲ್ಲ ಹೋಯ್ತು’ ಎಂದು ಗಾಬರಿಯಾಗುವ ಹೆಚ್ಚಿನ ಸಂದರ್ಭಗಳಲ್ಲಿ ಫೈಲುಗಳು ಇದ್ದಲ್ಲೇ ಇರುತ್ತವೆ. ಸಾಫ್ಟ್‌ವೇರ್ ಬರೆದಿಟ್ಟುಕೊಂಡ ವಿಳಾಸ ಮಾತ್ರ ತಪ್ಪಿರುತ್ತದೆ. ಆ ವಿಳಾಸ ಎಂದೂ ತಪ್ಪದ ಹಾಗೆ ವ್ಯವಸ್ಥೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಇಲ್ಲಿನ ವಿವರಗಳೆಲ್ಲ ಫೋಟೋ ಜೋಡಿಸಿ ಎಡಿಟ್ ಮಾಡುವ ಲೈಟ್‌ರೂಮ್ ಕ್ಲಾಸಿಕ್ ಎಂಬ ಸಾಫ್ಟ್‌ವೇರಿಗೆ ಸಂಬಂಧಿಸಿದವು, ನಮ್ಮ ಸ್ಟುಡಿಯೊಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅದೇ. ಬೇರೆ ಸಾಫ್ಟ್‌ವೇರ್ ಬಳಸುವವರಿಗೆ ಬೇಕಾದ ಒಂದೆರಡು ಮಾತು ಮಧ್ಯದಲ್ಲಿ ಬರುತ್ತದೆ.

ಯಾವುದು ಎಲ್ಲಿರಬೇಕು

ಲೈಟ್‌ರೂಮ್ ಕ್ಲಾಸಿಕ್ ನಿಮ್ಮ ಫೋಟೋಗಳನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಪ್ರತಿ ಫೋಟೋ ಯಾವ ಡಿಸ್ಕಿನ ಯಾವ ಫೋಲ್ಡರಿನಲ್ಲಿದೆ, ಅದಕ್ಕೆ ಏನೇನು ಎಡಿಟ್ ಆಗಿದೆ, ಎಷ್ಟು ಸ್ಟಾರ್ ಕೊಟ್ಟಿದ್ದೀರಿ ಎಂಬುದನ್ನು ಕ್ಯಾಟಲಾಗ್ ಎಂಬ ಒಂದು ಡೇಟಾಬೇಸಿನಲ್ಲಿ ಬರೆದಿಡುತ್ತದೆ. ಕ್ಯಾಟಲಾಗ್ ಫೈಲಿನ ಬಾಲ ‘ಎಲ್‌ಆರ್‌ಕ್ಯಾಟ್’, ಒಳಗಿರುವುದು ಎಸ್‌ಕ್ಯೂಲೈಟ್ ಎಂಬ ಬಗೆಯ ಡೇಟಾಬೇಸ್. ಫೋಟೋ ಸಂಗ್ರಹ ಟಿಬಿಗಟ್ಟಲೆ ಇದ್ದರೂ ಕ್ಯಾಟಲಾಗ್ ಸಾಮಾನ್ಯವಾಗಿ ಕೆಲವೇ ಜಿಬಿ. ಇದನ್ನು ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿಯಲ್ಲೇ ಇಡಿ.

ಕಾರಣ ವೇಗ. ಲೈಟ್‌ರೂಮಿನ ಎಡಿಟಿಂಗ್ ವಿಭಾಗವಾದ ಡೆವಲಪ್‌ನಲ್ಲಿ ಒಂದು ಸ್ಲೈಡರ್ ಎಳೆದು ಬಿಟ್ಟಾಗಲೆಲ್ಲ ಡೇಟಾಬೇಸಿಗೆ ಸಣ್ಣ ಬರಹವೊಂದು ಹೋಗುತ್ತದೆ. ಗ್ರಿಡ್ ಸ್ಕ್ರಾಲ್ ಮಾಡುವಾಗ ನೂರಾರು ಸಣ್ಣ ಪ್ರಿವ್ಯೂ ಫೈಲುಗಳು ಓದಲ್ಪಡುತ್ತವೆ. ತಿರುಗುವ ಹಾರ್ಡ್ ಡಿಸ್ಕಿನ ಹೆಡ್ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಇಂಥ ಚದುರಿದ ಓದು-ಬರಹ ಮಾಡಬಲ್ಲದು. ಎಸ್‌ಎಸ್‌ಡಿ ಹತ್ತಾರು ಸಾವಿರ ಮಾಡುತ್ತದೆ. ದೊಡ್ಡ ಫೈಲ್ ಒಂದನ್ನು ಒಂದೇ ಸಮ ಓದುವುದಕ್ಕೆ ಹಾರ್ಡ್ ಡಿಸ್ಕ್ ಸಾಕು, ರಾ ಫೈಲಿನ ಕೆಲಸ ಅಂಥದ್ದೇ. ಅದಕ್ಕೇ ಈ ಹಂಚಿಕೆ: ಕ್ಯಾಟಲಾಗ್, ಪ್ರಿವ್ಯೂ, ಕ್ಯಾಮೆರಾ ರಾ ಕ್ಯಾಶ್ (ತೆರೆದ ರಾ ಫೈಲುಗಳ ತಾತ್ಕಾಲಿಕ ಸಂಗ್ರಹ) ಒಳಗೆ, ರಾ ಫೈಲುಗಳು ಹೊರಗೆ.

ಸೆಟ್ಟಿಂಗ್ಸ್‌ನಲ್ಲಿ ಎರಡು ಬದಲಾವಣೆ ಮಾಡಿ. ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಕ್ಯಾಮೆರಾ ರಾ ಕ್ಯಾಶ್ 5 ಜಿಬಿ ಇದ್ದರೆ 20ರಿಂದ 30 ಜಿಬಿಗೆ ಏರಿಸಿ. ಕ್ಯಾಟಲಾಗ್ ಸೆಟ್ಟಿಂಗ್ಸ್‌ನ ಫೈಲ್ ಹ್ಯಾಂಡ್ಲಿಂಗ್‌ನಲ್ಲಿ 1:1 (ಪೂರ್ತಿ ಅಳತೆಯ) ಪ್ರಿವ್ಯೂಗಳು 30 ದಿನದ ನಂತರ ತಾವಾಗಿಯೇ ಅಳಿಯುವಂತೆ ಇಡಿ. ಇಲ್ಲದಿದ್ದರೆ ಮುಗಿದುಹೋದ ಮದುವೆಗಳ ಪ್ರಿವ್ಯೂ ಹತ್ತಾರು ಜಿಬಿ ಬೆಳೆದು ಒಳಗಿನ ಎಸ್‌ಎಸ್‌ಡಿಯನ್ನೇ ತುಂಬಿಸುತ್ತದೆ.

ಸ್ಟುಡಿಯೊದ ಡೆಸ್ಕ್‌ಟಾಪ್, ಮನೆಯ ಲ್ಯಾಪ್‌ಟಾಪ್ ಎರಡರಲ್ಲೂ ಒಂದೇ ಕ್ಯಾಟಲಾಗ್ ಬೇಕಿದ್ದರೆ ಅದನ್ನು ಒಂದು ಎಕ್ಸ್‌ಟರ್ನಲ್ ಎಸ್‌ಎಸ್‌ಡಿಯಲ್ಲಿ ಇಡಬಹುದು. ಆಗ ಲೈಟ್‌ರೂಮ್ ಪೂರ್ತಿ ಮುಚ್ಚದೆ ಡಿಸ್ಕ್ ಎಳೆಯಲೇಬಾರದು. ನಾಸ್ (ನೆಟ್‌ವರ್ಕಿಗೆ ಸೇರಿಸಿದ ಡಿಸ್ಕ್ ಪೆಟ್ಟಿಗೆ) ಮೇಲೆ ಫೋಟೋ ಇಡಬಹುದು, ಕ್ಯಾಟಲಾಗ್ ಇಡುವಂತಿಲ್ಲ. ನೆಟ್‌ವರ್ಕ್ ಡ್ರೈವಿನಲ್ಲಿರುವ ಕ್ಯಾಟಲಾಗನ್ನು ಲೈಟ್‌ರೂಮ್ ತೆರೆಯುವುದೇ ಇಲ್ಲ.

ಕ್ಯಾಟಲಾಗನ್ನು ಕೈಯಾರೆ ಬೇರೆ ಕಡೆ ಕಾಪಿ ಮಾಡುವಾಗ ಪಕ್ಕದಲ್ಲೇ ಇರುವ ‘ಎಲ್‌ಆರ್‌ಕ್ಯಾಟ್-ಡೇಟಾ’ ಎಂಬುದನ್ನು ಬಿಡಬೇಡಿ. 2021ರ ಆವೃತ್ತಿಯಿಂದ ಈಚೆಗೆ ಎಐ ಮಾಸ್ಕ್‌ಗಳ ವಿವರ ಅದರಲ್ಲಿರುತ್ತದೆ. ಎಲ್‌ಆರ್‌ಕ್ಯಾಟ್ ಒಂದನ್ನೇ ಒಯ್ದರೆ ಸ್ಕೈ, ಸಬ್ಜೆಕ್ಟ್ ಮಾಸ್ಕ್‌ಗಳನ್ನು ಮತ್ತೆ ಲೆಕ್ಕಹಾಕಿಸಬೇಕಾದೀತು.

ಡಿಸ್ಕ್, ಕೇಬಲ್, ಫಾರ್ಮ್ಯಾಟ್

ಈಗ ಎಡಿಟ್ ಆಗುತ್ತಿರುವ ಕೆಲಸಕ್ಕೆ 1 ಅಥವಾ 2 ಟಿಬಿಯ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ, ಮುಗಿದ ಕೆಲಸಕ್ಕೆ ದೊಡ್ಡ ಹಾರ್ಡ್ ಡಿಸ್ಕ್. ಬಜೆಟ್ ಒಪ್ಪಿದರೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಮುಗಿದ ಫೋಟೋಗಳನ್ನು ಎಸ್‌ಎಸ್‌ಡಿಗೆ ತುಂಬಿ ವರ್ಷಗಟ್ಟಲೆ ಬೀರುವಿನಲ್ಲಿ ಇಡಬೇಡಿ. ಎಸ್‌ಎಸ್‌ಡಿಯಲ್ಲಿ ಡೇಟಾ ಇರುವುದು ವಿದ್ಯುದಂಶದ ರೂಪದಲ್ಲಿ. ಪವರ್ ಇಲ್ಲದೆ ಬಹುಕಾಲ ಬಿದ್ದಿದ್ದರೆ, ಅದರಲ್ಲೂ ಬಿಸಿಯ ಜಾಗದಲ್ಲಿ, ಅದು ನಿಧಾನಕ್ಕೆ ಸೋರುತ್ತದೆ.

ವೇಗದ ಲೆಕ್ಕ ಸ್ಥೂಲವಾಗಿ ಹೀಗಿದೆ. 2.5 ಇಂಚಿನ ಪೋರ್ಟಬಲ್ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಎಂಬಿ ಆಸುಪಾಸು, ಸಾಟಾ ಎಸ್‌ಎಸ್‌ಡಿ 500ಕ್ಕೂ ಹೆಚ್ಚು, 10 ಜಿಬಿಪಿಎಸ್ ಪೋರ್ಟಿಗೆ ಹಾಕಿದ ಎನ್‌ವಿಎಂಇ ಎಸ್‌ಎಸ್‌ಡಿ 1,000 ಎಂಬಿಯ ಹತ್ತಿರ. 1 ಟಿಬಿಯನ್ನು ಪೋರ್ಟಬಲ್ ಡಿಸ್ಕಿಗೆ ಕಾಪಿ ಮಾಡಲು ಎರಡೂಕಾಲು ಗಂಟೆಗಿಂತ ತುಸು ಹೆಚ್ಚು ಬೇಕು. ನಿಮ್ಮಲ್ಲಿ ಎಂಟು ಗಂಟೆ ಹಿಡಿಯುತ್ತಿದೆ ಎಂದರೆ ಮೊದಲು ಕೇಬಲ್ ನೋಡಿ. ಟೈಪ್ ಸಿ ಎಂಬುದು ತುದಿಯ ಆಕಾರ, ವೇಗದ ಹೆಸರಲ್ಲ. ಫೋನ್ ಚಾರ್ಜ್ ಮಾಡುವ ಟೈಪ್ ಸಿ ಕೇಬಲುಗಳಲ್ಲಿ ಬಹಳಷ್ಟು ಯುಎಸ್‌ಬಿ 2.0 ಮಟ್ಟದವು, ಸೆಕೆಂಡಿಗೆ 35-40 ಎಂಬಿಯ ಮೇಲೆ ಹೋಗುವುದಿಲ್ಲ. ಡಿಸ್ಕಿನ ಜೊತೆ ಬಂದ ಕೇಬಲಿಗೆ ಹೆಸರು ಬರೆದ ಚೀಟಿ ಅಂಟಿಸಿ ಬೇರೆ ಇಡಿ.

ಕೇಬಲ್ ಸರಿಯಿದ್ದೂ ಮೊದಲ ಕೆಲವು ಹತ್ತು ಜಿಬಿ ವೇಗವಾಗಿ ಹೋಗಿ ಆಮೇಲೆ 30-40 ಎಂಬಿಗೆ ಕುಸಿದರೆ ಡಿಸ್ಕ್ ಎಸ್‌ಎಂಆರ್ ಬಗೆಯದ್ದಿರಬಹುದು. ಇದರಲ್ಲಿ ಟ್ರ್ಯಾಕುಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಅರ್ಧ ಕೂತಿರುತ್ತವೆ. ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ದೊಡ್ಡ ಅಳತೆಯ 2.5 ಇಂಚಿನ ಪೋರ್ಟಬಲ್ ಡಿಸ್ಕುಗಳಲ್ಲಿ ಹೆಚ್ಚಿನವು ಹೀಗೇ. ಇದು ದೋಷವಲ್ಲ. ಇಂಥ ಡಿಸ್ಕನ್ನು ಒಮ್ಮೆ ತುಂಬಿಸಿ ಇಡುವ ಕೆಲಸಕ್ಕೆ ಬಳಸಿ, ದಿನವೂ ಬರೆದು ಅಳಿಸುವ ಕೆಲಸಕ್ಕೆ ಬೇಡ. ನಿಧಾನವಾಯಿತೆಂದು ಮಧ್ಯದಲ್ಲಿ ಮಾತ್ರ ಎಳೆಯಬೇಡಿ.

ಕರೆಂಟ್ ಹೋಗುವ ಊರುಗಳಲ್ಲಿ ಇನ್ನೊಂದು ವಿಷಯ ಗಮನಿಸಬೇಕು. 3.5 ಇಂಚಿನ ಡೆಸ್ಕ್‌ಟಾಪ್ ಡಿಸ್ಕಿಗೆ ಬೇರೆ ಅಡಾಪ್ಟರ್ ಬೇಕು. ಕಾಪಿ ನಡೆಯುತ್ತಿರುವಾಗ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಬದುಕಿರುತ್ತದೆ, ಡಿಸ್ಕ್ ಮಾತ್ರ ಸತ್ತಿರುತ್ತದೆ. ಅದನ್ನು ಯುಪಿಎಸ್‌ಗೆ ಹಾಕಿಯೇ ಬಳಸಿ. 2.5 ಇಂಚಿನದು ಲ್ಯಾಪ್‌ಟಾಪಿನಿಂದಲೇ ಪವರ್ ಪಡೆಯುವುದರಿಂದ ಈ ಭಯ ಇಲ್ಲ.

ಫಾರ್ಮ್ಯಾಟ್ ವಿಷಯದಲ್ಲಿ ನಮ್ಮ ಸಲಹೆ ಸ್ಪಷ್ಟ. ವಿಂಡೋಸ್ ಮಾತ್ರ ಬಳಸುವವರು ಎನ್‌ಟಿಎಫ್‌ಎಸ್ ಇಟ್ಟುಕೊಳ್ಳಿ. ಮ್ಯಾಕ್ ಮಾತ್ರ ಬಳಸುವವರು ಎಸ್‌ಎಸ್‌ಡಿಗೆ ಎಪಿಎಫ್‌ಎಸ್, ತಿರುಗುವ ಡಿಸ್ಕಿಗೆ ಮ್ಯಾಕ್ ಓಎಸ್ ಎಕ್ಸ್‌ಟೆಂಡೆಡ್ ಜರ್ನಲ್ಡ್ ಆರಿಸಿ. ಎರಡೂ ಕಡೆ ಓಡಾಡಲೇಬೇಕಾದ ಡಿಸ್ಕಿಗೆ ಮಾತ್ರ ಎಕ್ಸ್‌ಫ್ಯಾಟ್, ಏಕೆಂದರೆ ಮ್ಯಾಕ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ಬರೆಯುವುದಿಲ್ಲ. ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲ್ ಇಲ್ಲ. ಅಂದರೆ ಬರೆಯುವಾಗ ಕೇಬಲ್ ಕಳಚಿದರೆ ಅರ್ಧಕ್ಕೆ ನಿಂತ ಕೆಲಸವನ್ನು ತಾನಾಗಿ ಸರಿಪಡಿಸಿಕೊಳ್ಳುವ ದಾರಿ ಅದಕ್ಕಿಲ್ಲ. ಆ ಫೈಲ್ ಮಾತ್ರವಲ್ಲ, ಫೋಲ್ಡರ್ ಪಟ್ಟಿಯೇ ಹಾಳಾಗಬಹುದು. ಜೊತೆಗೆ ದೊಡ್ಡ ಎಕ್ಸ್‌ಫ್ಯಾಟ್ ಡಿಸ್ಕಿನಲ್ಲಿ ವಿಂಡೋಸ್ ಕೊಡುವ ಕ್ಲಸ್ಟರ್ ಅಳತೆ (ಒಂದು ಫೈಲಿಗೆ ಮೀಸಲಿಡುವ ಕನಿಷ್ಠ ಜಾಗ) 128 ಕೆಬಿ. ರಾ ಫೈಲಿನ ಪಕ್ಕದಲ್ಲಿ ಎಡಿಟ್ ವಿವರ ಬರೆದಿಡುವ 10 ಕೆಬಿಯ ಒಂದು ಎಕ್ಸ್‌ಎಂಪಿ ಫೈಲೂ ಅಷ್ಟು ಜಾಗ ಹಿಡಿಯುತ್ತದೆ. 4,000 ಫೋಟೋಗಳ ಎಕ್ಸ್‌ಎಂಪಿಗೆ 40 ಎಂಬಿಯ ಬದಲು 500 ಎಂಬಿ ದಾಟುತ್ತದೆ.

ವಿಂಡೋಸ್ 10ರ 1809 ಆವೃತ್ತಿಯಿಂದ ಎಕ್ಸ್‌ಟರ್ನಲ್ ಡಿಸ್ಕುಗಳಿಗೆ ‘ಕ್ವಿಕ್ ರಿಮೂವಲ್’ ತಾನಾಗಿ ಇರುತ್ತದೆ, ನಿಜ. ಹಾಗೆಂದು ಇಜೆಕ್ಟ್ ಮಾಡದೆ ಎಳೆಯಬಹುದು ಎಂದುಕೊಳ್ಳಬೇಡಿ. ಲೈಟ್‌ರೂಮ್ ಹಿನ್ನೆಲೆಯಲ್ಲಿ ಎಕ್ಸ್‌ಎಂಪಿ ಬರೆಯುತ್ತಿರಬಹುದು. ಮೊದಲು ಲೈಟ್‌ರೂಮ್ ಮುಚ್ಚಿ, ಆಮೇಲೆ ಇಜೆಕ್ಟ್, ಆಮೇಲೆ ಕೇಬಲ್.

ಡಿಸ್ಕನ್ನು ಅಂಚಿನವರೆಗೆ ತುಂಬಬೇಡಿ, ಹತ್ತರಲ್ಲೊಂದು ಪಾಲು ಖಾಲಿ ಇರಲಿ. ಲೈಟ್‌ರೂಮಿನ ಎಡಗಡೆ ಫೋಲ್ಡರ್ಸ್ ಪ್ಯಾನೆಲಿನಲ್ಲಿ ಡಿಸ್ಕಿನ ಹೆಸರಿನ ಪಕ್ಕ ಸಣ್ಣ ದೀಪವಿದೆ: 10 ಜಿಬಿಗಿಂತ ಕಡಿಮೆ ಉಳಿದರೆ ಹಳದಿ, 5ಕ್ಕಿಂತ ಕಡಿಮೆಯಾದರೆ ಕಿತ್ತಳೆ, 1ಕ್ಕಿಂತ ಕಡಿಮೆಯಾದರೆ ಕೆಂಪು. ಡಿಸ್ಕ್ ಹಾಕಿಲ್ಲದಿದ್ದರೆ ಬೂದು ಬಣ್ಣ. 4 ಟಿಬಿ ಡಿಸ್ಕಿಗೆ 10 ಜಿಬಿ ಏನೇನೂ ಅಲ್ಲ, ಆದ್ದರಿಂದ ಹಸಿರು ಇದೆ ಎಂದು ನೆಮ್ಮದಿಯಾಗಿ ಕೂರುವಂತಿಲ್ಲ.

ವಿಳಾಸ ಗಟ್ಟಿ ಮಾಡುವುದು

ವಿಂಡೋಸ್‌ನಲ್ಲಿ ವಿಳಾಸ ಶುರುವಾಗುವುದು ಡ್ರೈವ್ ಅಕ್ಷರದಿಂದ. ಇವತ್ತು ‘ಇ’ ಆಗಿ ಬಂದ ಡಿಸ್ಕ್, ನಾಳೆ ಮೊದಲೇ ಪೆನ್‌ಡ್ರೈವ್ ಹಾಕಿದ್ದರೆ ‘ಎಫ್’ ಆಗಿ ಬರಬಹುದು. ಅಷ್ಟಕ್ಕೇ ಲೈಟ್‌ರೂಮಿನಲ್ಲಿ ಸಾವಿರಾರು ಫೋಟೋ ಕಾಣೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿಸ್ಕಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’ ಆರಿಸಿ, ಚೇಂಜ್ ಒತ್ತಿ, ವರ್ಣಮಾಲೆಯ ಕೊನೆ ಕಡೆಯ ಅಕ್ಷರವೊಂದನ್ನು ಕೊಡಿ: ಪಿ, ಕ್ಯೂ, ಆರ್ ಹೀಗೆ. ಪೆನ್‌ಡ್ರೈವುಗಳು ಅಲ್ಲಿವರೆಗೆ ಬರುವುದಿಲ್ಲ. ಎರಡು ಕಂಪ್ಯೂಟರ್ ಇದ್ದರೆ ಎರಡರಲ್ಲೂ ಪ್ರತ್ಯೇಕವಾಗಿ ಇದನ್ನು ಮಾಡಬೇಕು.

ಮ್ಯಾಕ್‌ನಲ್ಲಿ ವಿಳಾಸ ಇರುವುದು ಡಿಸ್ಕಿನ ಹೆಸರಿನಲ್ಲಿ. ಅಂಗಡಿಯಿಂದ ಬಂದ ಹೆಸರನ್ನೇ ಬಿಟ್ಟರೆ ಒಂದೇ ಹೆಸರಿನ ಎರಡು ಡಿಸ್ಕ್ ಸೇರಿದಾಗ ಎರಡನೆಯದರ ವಿಳಾಸಕ್ಕೆ ಕೊನೆಯಲ್ಲಿ ‘1’ ಸೇರಿಕೊಂಡು ಎಲ್ಲ ಗೊಂದಲವಾಗುತ್ತದೆ. ‘ಫೋಟೋ_01’, ‘ಫೋಟೋ_01_ಬ್ಯಾಕಪ್’ ಹೀಗೆ ಹೆಸರಿಟ್ಟು, ಅದೇ ಹೆಸರನ್ನು ಡಿಸ್ಕಿನ ಮೇಲೂ ಮಾರ್ಕರಿನಲ್ಲಿ ಬರೆಯಿರಿ.

ಪ್ರತಿ ಡಿಸ್ಕಿನಲ್ಲೂ ಮೇಲಿನ ಹಂತದಲ್ಲಿ ಒಂದೇ ಒಂದು ಫೋಲ್ಡರ್ ಇರಲಿ. ಅದರೊಳಗೆ ವರ್ಷ, ವರ್ಷದೊಳಗೆ ಕಾರ್ಯಕ್ರಮ: ‘ಫೋಟೋ / 2025 / 2025-02-14_ಮದುವೆ_ಹಾಸನ’. ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲೇ ಬರೆಯಿರಿ; ಆಗ ಫೋಲ್ಡರುಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದರೂ ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರುವುದು ಒಳ್ಳೆಯದು, ಏಕೆಂದರೆ ಆಲ್ಬಂ ಲ್ಯಾಬಿನ ಹಳೆಯ ಸಾಫ್ಟ್‌ವೇರ್ ಕನ್ನಡ ಹೆಸರನ್ನು ಚೌಕಗಳಾಗಿ ತೋರಿಸೀತು. ಕಾರ್ಯಕ್ರಮದೊಳಗೆ ಧಾರೆ, ರಿಸೆಪ್ಷನ್, ನಿಶ್ಚಿತಾರ್ಥ ಎಂದು ಮತ್ತೆ ಫೋಲ್ಡರ್ ಮಾಡುವ ಬದಲು ಲೈಟ್‌ರೂಮಿನೊಳಗೇ ಕಲೆಕ್ಷನ್ (ಫೋಟೋಗಳ ಪಟ್ಟಿ) ಮಾಡಿ. ಫೈಲ್ ಕದಲುವುದಿಲ್ಲ, ಒಂದೇ ಫೋಟೋ ಎರಡು ಕಲೆಕ್ಷನ್ನಿನಲ್ಲಿ ಇರಬಹುದು.

ಲೈಟ್‌ರೂಮಿನಲ್ಲಿ ಮೇಲ್ಮಟ್ಟದ ಫೋಲ್ಡರ್ ಕಾಣದೆ ಕಾರ್ಯಕ್ರಮಗಳ ಉದ್ದ ಪಟ್ಟಿಯೇ ಕಾಣುತ್ತಿದ್ದರೆ ಒಂದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಶೋ ಪೇರೆಂಟ್ ಫೋಲ್ಡರ್’ ಆರಿಸಿ. ಡಿಸ್ಕ್ ಬದಲಿಸಿದ ದಿನ ಇದರ ಬೆಲೆ ಗೊತ್ತಾಗುತ್ತದೆ: 60 ಫೋಲ್ಡರುಗಳಿಗೆ ಒಂದೊಂದಾಗಿ ದಾರಿ ತೋರಿಸುವ ಬದಲು ಮೇಲಿನ ಒಂದಕ್ಕೆ ತೋರಿಸಿದರೆ ಎಲ್ಲವೂ ಸರಿಹೋಗುತ್ತವೆ.

ಕಾರ್ಡಿನಿಂದ ಡಿಸ್ಕಿಗೆ

ಈ ಹಂತದ ಕ್ರಮ ಮುಖ್ಯ, ಹಿಂದುಮುಂದಾದರೆ ಬ್ಯಾಕಪ್ ಎರಡು ಪಟ್ಟು ಕೆಲಸವಾಗುತ್ತದೆ.

1. ಕಾರ್ಡನ್ನು ಕಾರ್ಡ್ ರೀಡರಿನಲ್ಲಿ ಹಾಕಿ, ಟೆರಾಕಾಪಿಯಂಥ ಸಾಫ್ಟ್‌ವೇರ್ ಬಳಸಿ ವೆರಿಫೈ ಆನ್ ಮಾಡಿಕೊಂಡು ಡಿಸ್ಕಿಗೆ ಕಾಪಿ ಮಾಡಿ. ಇದು ಕಾಪಿಯಾದ ಮೇಲೆ ಎರಡೂ ಕಡೆಯ ಫೈಲನ್ನು ಓದಿ ಹೋಲಿಸುತ್ತದೆ. ಸಡಿಲ ಕೇಬಲಿನಿಂದ ಹಾಳಾದ ಫೈಲ್ ಇಲ್ಲೇ ಸಿಕ್ಕಿಬೀಳುತ್ತದೆ.

2. ಲೈಟ್‌ರೂಮ್ ಇಂಪೋರ್ಟಿನಲ್ಲಿ ‘ಆ್ಯಡ್’ ಆರಿಸಿ. ‘ಕಾಪಿ’ ಕೊಟ್ಟರೆ ಅದೇ ಫೋಟೋಗಳ ಇನ್ನೊಂದು ಪ್ರತಿ ಬೇರೆಲ್ಲೋ ಹೋಗಿ ಕೂರುತ್ತದೆ. ಒಳಗಿನ ಎಸ್‌ಎಸ್‌ಡಿ ತುಂಬಿಹೋಗುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಬಿಲ್ಡ್ ಪ್ರಿವ್ಯೂಸ್‌ನಲ್ಲಿ ‘ಎಂಬೆಡೆಡ್ ಅಂಡ್ ಸೈಡ್‌ಕಾರ್’ ಇಡಿ, ‘ಬಿಲ್ಡ್ ಸ್ಮಾರ್ಟ್ ಪ್ರಿವ್ಯೂಸ್’ ಟಿಕ್ ಮಾಡಿ.

3. ಎರಡು ಕ್ಯಾಮೆರಾಗಳ ಗಡಿಯಾರ ಹೊಂದಿಸಿ.

4. ಫೈಲುಗಳಿಗೆ ಹೊಸ ಹೆಸರು ಕೊಡಿ.

5. ಆಮೇಲೆ ಎರಡನೇ ಡಿಸ್ಕಿಗೆ ಬ್ಯಾಕಪ್. ಅದಾಗಿ, ಎರಡನೇ ಡಿಸ್ಕಿನಿಂದ ಹತ್ತಾರು ಫೋಟೋ ತೆರೆದು ನೋಡಿದ ಮೇಲಷ್ಟೇ ಕಾರ್ಡ್ ಫಾರ್ಮ್ಯಾಟ್. ಅಲ್ಲಿವರೆಗೆ ಆ ಕಾರ್ಡೇ ನಿಮ್ಮ ಎರಡನೇ ಪ್ರತಿ.

ಮೂರನೇ ಹಂತವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಕ್ಯಾಮೆರಾದ ಗಡಿಯಾರ ನಾಲ್ಕು ನಿಮಿಷ ಮುಂದಿದ್ದರೆ ಮಾಂಗಲ್ಯಧಾರಣೆಯ ಫೋಟೋಗಿಂತ ಮೊದಲೇ ಅಕ್ಷತೆ ಬಿದ್ದ ಫೋಟೋ ಬಂದು ಕೂರುತ್ತದೆ. ಆಲ್ಬಂ ಜೋಡಿಸುವವರಿಗೆ ಕ್ರಮವೇ ಸಿಗುವುದಿಲ್ಲ. ಸರಿಪಡಿಸಲು ಎರಡೂ ಕ್ಯಾಮೆರಾಗಳಲ್ಲಿ ಸಿಕ್ಕಿರುವ ಒಂದೇ ಕ್ಷಣ ಹುಡುಕಿ; ಅಂತರಪಟ ಸರಿಯುವ ಕ್ಷಣ ಇದಕ್ಕೆ ಚೆನ್ನಾಗಿ ಒದಗುತ್ತದೆ. ಸರಿಯಾದ ಕ್ಯಾಮೆರಾದ ಫೋಟೋದಲ್ಲಿರುವ ಸಮಯವನ್ನು ಸೆಕೆಂಡ್ ಸಮೇತ ಬರೆದುಕೊಳ್ಳಿ. ಲೈಬ್ರರಿ ಫಿಲ್ಟರಿನ ಮೆಟಾಡೇಟಾದಲ್ಲಿ ಕ್ಯಾಮೆರಾ ಸೀರಿಯಲ್ ನಂಬರ್ ಆರಿಸಿ ತಪ್ಪು ಕ್ಯಾಮೆರಾದ ಫೋಟೋಗಳನ್ನಷ್ಟೇ ತೋರಿಸಿ, ಎಲ್ಲವನ್ನೂ ಸೆಲೆಕ್ಟ್ ಮಾಡಿ, ಆ ಕ್ಷಣದ ಫೋಟೋ ಮೇಲೆ ಕ್ಲಿಕ್ ಮಾಡಿ ಅದನ್ನು ಮುಖ್ಯ ಸೆಲೆಕ್ಷನ್ ಮಾಡಿ. ಮೆಟಾಡೇಟಾ ಮೆನುವಿನ ‘ಎಡಿಟ್ ಕ್ಯಾಪ್ಚರ್ ಟೈಮ್’ನಲ್ಲಿ ನಿರ್ದಿಷ್ಟ ಸಮಯಕ್ಕೆ ಬದಲಿಸುವ ಮೊದಲ ಆಯ್ಕೆ ಇಟ್ಟು ಸರಿಯಾದ ಸಮಯ ಕೊಡಿ. ಉಳಿದ ಎಲ್ಲ ಫೋಟೋಗಳೂ ಅಷ್ಟೇ ವ್ಯತ್ಯಾಸದಲ್ಲಿ ಸರಿಯುತ್ತವೆ. ಮುಂದಿನ ಬಾರಿ ಕೆಲಸ ಶುರುವಾಗುವ ಮುಂಚೆ ಎರಡೂ ಕ್ಯಾಮೆರಾಗಳಿಂದ ಒಂದೇ ಫೋನಿನ ಗಡಿಯಾರದ ಫೋಟೋ ತೆಗೆದುಬಿಟ್ಟರೆ ಹುಡುಕುವ ಶ್ರಮ ಉಳಿಯುತ್ತದೆ.

ಹೆಸರು ಬದಲಿಸುವುದು ಏಕೆಂದರೆ ಕ್ಯಾಮೆರಾದ ಎಣಿಕೆ 9999 ಆದಮೇಲೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬೇರೆ ಬೇರೆ ಮದುವೆಯ, ಕೆಲವೊಮ್ಮೆ ಒಂದೇ ಮದುವೆಯ ಫೋಟೋಗಳಿಗೆ ಒಂದೇ ಹೆಸರು ಬರುತ್ತದೆ. ಮದುವೆ ಮನೆಯವರು ‘2417 ಪ್ರಿಂಟ್ ಹಾಕಿ’ ಎಂದರೆ ಯಾವ 2417? ಎಲ್ಲ ಸೆಲೆಕ್ಟ್ ಮಾಡಿ ಎಫ್2 ಒತ್ತಿ, ದಿನಾಂಕ, ಸಮಯ, ಕ್ರಮಸಂಖ್ಯೆ ಸೇರಿದ ಟೆಂಪ್ಲೇಟ್ ಕೊಡಿ: 20250214_101532_0412. ಬ್ಯಾಕಪ್ ಆದ ಮೇಲೆ ಹೆಸರು ಬದಲಿಸಿದರೆ ಬ್ಯಾಕಪ್ ಸಾಫ್ಟ್‌ವೇರ್ ಅವನ್ನೆಲ್ಲ ಹೊಸ ಫೈಲುಗಳೆಂದು ತಿಳಿದು 108 ಜಿಬಿಯನ್ನು ಮತ್ತೆ ಬರೆಯಬಹುದು. ಅದಕ್ಕೇ ಈ ಕ್ರಮ.

ಸೆಲೆಕ್ಷನ್ ಮತ್ತು ಎಡಿಟಿಂಗ್

ಸೆಲೆಕ್ಷನ್ ಲೈಬ್ರರಿಯಲ್ಲೇ ಮಾಡಿ, ಡೆವಲಪ್‌ಗೆ ಹೋಗಬೇಡಿ. ಡೆವಲಪ್‌ನಲ್ಲಿ ಪ್ರತಿ ಫೋಟೋಗೂ ರಾ ಫೈಲನ್ನೇ ತೆರೆಯಬೇಕಾಗುತ್ತದೆ, ಲೈಬ್ರರಿಯಲ್ಲಿ ಪ್ರಿವ್ಯೂ ಸಾಕು. ಎಂಬೆಡೆಡ್ ಪ್ರಿವ್ಯೂ ಎಂದರೆ ಕ್ಯಾಮೆರಾ ರಾ ಫೈಲಿನೊಳಗೇ ಇಟ್ಟಿರುವ ಜೆಪೆಗ್. ಹಾಗಾಗಿ ಕಾಯುವುದೇ ಬೇಡ. ಕ್ಯಾಪ್ಸ್ ಲಾಕ್ ಆನ್ ಮಾಡಿಕೊಂಡರೆ ‘ಪಿ’ (ಇರಲಿ) ಅಥವಾ ‘ಎಕ್ಸ್’ (ಬೇಡ) ಒತ್ತಿದ ಕೂಡಲೇ ಮುಂದಿನ ಫೋಟೋ ಬರುತ್ತದೆ. ಸೋನಿಯ ಹಲವು ಮಾದರಿಗಳಲ್ಲಿ ಈ ಒಳಗಿನ ಜೆಪೆಗ್ ಬರೀ 1616 × 1080 ಪಿಕ್ಸೆಲ್. ಅದನ್ನು ಝೂಮ್ ಮಾಡಿ ಕಣ್ಣು ಶಾರ್ಪ್ ಇದೆಯೇ ಎಂದು ನಿರ್ಧರಿಸಲು ಬರುವುದಿಲ್ಲ. ಅಂಥ ಕ್ಯಾಮೆರಾ ಇರುವವರು ರಾತ್ರಿ ಮಲಗುವ ಮುಂಚೆ 1:1 ಪ್ರಿವ್ಯೂ ಕಟ್ಟಲು ಬಿಟ್ಟು ಬೆಳಿಗ್ಗೆ ಕೂರುವುದು ಲೇಸು.

ಎಕ್ಸ್‌ಟರ್ನಲ್ ಡಿಸ್ಕ್ ಬಳಸುವವರಿಗೆ ಲೈಟ್‌ರೂಮ್ ಕೊಟ್ಟಿರುವ ಅತಿ ದೊಡ್ಡ ಸೌಕರ್ಯ ಸ್ಮಾರ್ಟ್ ಪ್ರಿವ್ಯೂ. 2013ರಲ್ಲಿ ಲೈಟ್‌ರೂಮ್ 5ರ ಜೊತೆ ಬಂದದ್ದು. ಉದ್ದದ ಬದಿ 2560 ಪಿಕ್ಸೆಲ್ ಇರುವ, ಅಡಕಗೊಳಿಸಿದ ಡಿಎನ್‌ಜಿ (ಒಂದು ಬಗೆಯ ರಾ ಫೈಲ್) ಪ್ರತಿ ಇದು. ಒಂದಕ್ಕೆ ಹೆಚ್ಚೆಂದರೆ 1 ಎಂಬಿ ಆಸುಪಾಸು. 108 ಜಿಬಿಯ ಮದುವೆ 4 ಜಿಬಿಯೊಳಗೆ ಲ್ಯಾಪ್‌ಟಾಪಿನಲ್ಲಿ ಕೂರುತ್ತದೆ. ಡಿಸ್ಕನ್ನು ಮನೆಯಲ್ಲೇ ಬಿಟ್ಟು ರೈಲಿನಲ್ಲಿ ಕೂತು ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಕ್ರಾಪ್, ಕಲರ್ ಎಲ್ಲ ಮಾಡಬಹುದು. ಡಿಸ್ಕ್ ಮತ್ತೆ ಹಾಕಿದಾಗ ಅದೇ ಎಡಿಟ್ ಮೂಲ ಫೈಲಿಗೆ ಅನ್ವಯವಾಗುತ್ತದೆ. ಹಿಸ್ಟೋಗ್ರಾಮಿನ ಕೆಳಗಿನ ಸಾಲು ನೋಡಿ: ‘ಒರಿಜಿನಲ್ + ಸ್ಮಾರ್ಟ್ ಪ್ರಿವ್ಯೂ’ ಇದ್ದರೆ ಎರಡೂ ಇವೆ, ಬರೀ ‘ಸ್ಮಾರ್ಟ್ ಪ್ರಿವ್ಯೂ’ ಇದ್ದರೆ ಡಿಸ್ಕ್ ಇಲ್ಲ, ಕೆಲಸ ಸಾಗುತ್ತದೆ. ‘ಫೋಟೋ ಈಸ್ ಮಿಸ್ಸಿಂಗ್’ ಎಂದಿದ್ದರೆ ಎರಡೂ ಇಲ್ಲ.

ಡಿಸ್ಕ್ ಹಾಕಿದ್ದರೂ ಡೆವಲಪ್ ತಡವರಿಸುತ್ತಿದ್ದರೆ ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್‌ನಲ್ಲಿ ಎಡಿಟಿಂಗಿಗೆ ಒರಿಜಿನಲ್ ಬದಲು ಸ್ಮಾರ್ಟ್ ಪ್ರಿವ್ಯೂ ಬಳಸುವ ಆಯ್ಕೆ ಟಿಕ್ ಮಾಡಿ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಇದು ಎದ್ದು ಕಾಣುವಷ್ಟು ವ್ಯತ್ಯಾಸ ಮಾಡುತ್ತದೆ. ಆದರೆ ಶಾರ್ಪನಿಂಗ್, ನಾಯ್ಸ್ ರಿಡಕ್ಷನ್ ಮಾತ್ರ ಸ್ಮಾರ್ಟ್ ಪ್ರಿವ್ಯೂ ನೋಡಿ ತೀರ್ಮಾನಿಸಬೇಡಿ. 6000 ಪಿಕ್ಸೆಲಿನ ಫೋಟೋ 2560ಕ್ಕೆ ಇಳಿದಾಗ ನಾಯ್ಸ್ ತಾನಾಗಿಯೇ ಕಡಿಮೆ ಕಾಣುತ್ತದೆ, ಪ್ರಿಂಟಿನಲ್ಲಿ ಎದ್ದುಬರುತ್ತದೆ. ಎಐ ಡಿನಾಯ್ಸ್, ಫೋಟೋಶಾಪಿಗೆ ಕಳಿಸುವುದು, ಪೂರ್ತಿ ಅಳತೆಯ ಎಕ್ಸ್‌ಪೋರ್ಟ್ ಇವಕ್ಕೆಲ್ಲ ಡಿಸ್ಕ್ ಬೇಕೇ ಬೇಕು. ಡಿಸ್ಕ್ ಇಲ್ಲದೆ ಎಕ್ಸ್‌ಪೋರ್ಟ್ ಮಾಡಿದರೆ 2560 ಪಿಕ್ಸೆಲಿನ ಫೈಲೇ ಸಿಗುವುದು. ವಾಟ್ಸ್‌ಆ್ಯಪಿಗೆ ಅದು ಧಾರಾಳ, 12 × 36 ಇಂಚಿನ ಆಲ್ಬಂ ಹಾಳೆಗೆ ಸಾಲದು.

ಎಡಿಟಿಂಗನ್ನು ಬೇರೆ ಊರಿನವರಿಗೆ ಕೊಡುವವರು ಡಿಸ್ಕನ್ನು ಕೊರಿಯರ್ ಮಾಡುವುದು ಬಿಡಿ. ಫೋಟೋಗಳನ್ನು ಸೆಲೆಕ್ಟ್ ಮಾಡಿ ಫೈಲ್ ಮೆನುವಿನ ‘ಎಕ್ಸ್‌ಪೋರ್ಟ್ ಆ್ಯಸ್ ಕ್ಯಾಟಲಾಗ್’ ಕೊಡಿ. ನೆಗೆಟಿವ್ ಫೈಲ್ಸ್ (ಅಂದರೆ ಮೂಲ ಫೋಟೋಗಳು) ಟಿಕ್ ತೆಗೆದು ಸ್ಮಾರ್ಟ್ ಪ್ರಿವ್ಯೂಸ್ ಟಿಕ್ ಇಡಿ. ಆ ಫೋಲ್ಡರನ್ನು ಇಂಟರ್ನೆಟ್ಟಿನಲ್ಲೇ ಕಳಿಸಬಹುದು. ಅವರು ಮುಗಿಸಿದ ಕ್ಯಾಟಲಾಗ್ ಬಂದಮೇಲೆ ‘ಇಂಪೋರ್ಟ್ ಫ್ರಂ ಅನದರ್ ಕ್ಯಾಟಲಾಗ್’ ಮಾಡಿದರೆ ಎಡಿಟ್‌ಗಳೆಲ್ಲ ನಿಮ್ಮ ಮೂಲ ಫೈಲುಗಳ ಮೇಲೆ ಬಂದು ಕೂರುತ್ತವೆ. ಈ ನಡುವೆ ಅದೇ ಫೋಟೋಗಳನ್ನು ನೀವು ಮುಟ್ಟಬಾರದು, ಯಾವುದೋ ಒಂದರ ಎಡಿಟ್ ಅಳಿದುಹೋಗುತ್ತದೆ.

ಫೋಟೋಶಾಪಿಗೆ ಹೋಗಿಬರುವ ಫೈಲುಗಳು ಡಿಸ್ಕನ್ನು ಗೊತ್ತಾಗದಂತೆ ತಿನ್ನುತ್ತವೆ. 24 ಮೆಗಾಪಿಕ್ಸೆಲ್, ಮೂರು ಬಣ್ಣ, ಬಣ್ಣಕ್ಕೆ 2 ಬೈಟ್: ಒಂದು 16-ಬಿಟ್ ಟಿಫ್ ಲೇಯರ್ ಇಲ್ಲದೆಯೇ 144 ಎಂಬಿ. ಲೇಯರ್ ಸೇರಿದರೆ ಹಲವು ಪಟ್ಟು. ಚರ್ಮದ ರೀಟಚ್ ಬೇಕಾದ ಫೋಟೋಗಳನ್ನು ಮಾತ್ರ ಕಳಿಸಿ, ಆಲ್ಬಂ ಒಪ್ಪಿಗೆಯಾದ ಮೇಲೆ ಲೇಯರ್ ಫ್ಲಾಟನ್ ಮಾಡಿ.

ಇನ್ನು ಬೇರೆ ಸಾಫ್ಟ್‌ವೇರುಗಳ ಮಾತು. ಡಾರ್ಕ್‌ಟೇಬಲ್ ಬಳಸುವವರಿಗೆ ಡಿಸ್ಕ್ ಇಲ್ಲದೆ ಎಡಿಟ್ ಮಾಡಲು ‘ಕಾಪಿ ಲೋಕಲಿ’ ಇದೆ: ಆರಿಸಿದ ಫೋಟೋಗಳ ಪ್ರತಿಯನ್ನು ಒಳಗಿನ ಡಿಸ್ಕಿಗೆ ತಂದುಕೊಂಡು, ಮುಗಿದ ಮೇಲೆ ‘ರೀಸಿಂಕ್’ ಮಾಡಿದರೆ ಸರಿ. ಡಿಜಿಕ್ಯಾಮ್‌ನಲ್ಲಿ ಎಕ್ಸ್‌ಟರ್ನಲ್ ಡಿಸ್ಕನ್ನು ‘ರಿಮೂವಬಲ್ ಮೀಡಿಯಾ’ ವಿಭಾಗದಲ್ಲೇ ಸೇರಿಸಬೇಕು. ಆ್ಯಪಲ್ ಫೋಟೋಸ್ ಲೈಬ್ರರಿಯನ್ನು ಹೊರಗಿಡುವವರು ಆ ಡಿಸ್ಕನ್ನು ಮ್ಯಾಕ್ ಫಾರ್ಮ್ಯಾಟಿನಲ್ಲೇ ಇಡಬೇಕು, ಎಕ್ಸ್‌ಫ್ಯಾಟ್ ಬೇಡ.

ಪ್ರಶ್ನಾರ್ಥಕ ಚಿಹ್ನೆ ಬಂದಾಗ

ಫೋಲ್ಡರ್ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬಂದರೆ ಮೊದಲು ಡಿಸ್ಕ್ ಹಾಕಿದೆಯೇ, ಸರಿಯಾದ ಡಿಸ್ಕೇ, ಅಕ್ಷರ ಅಥವಾ ಹೆಸರು ಬದಲಾಗಿದೆಯೇ ನೋಡಿ. ಎಲ್ಲ ಸರಿಯಿದ್ದೂ ಚಿಹ್ನೆ ಹೋಗದಿದ್ದರೆ ಎಕ್ಸ್‌ಪ್ಲೋರರಿನಲ್ಲೋ ಫೈಂಡರಿನಲ್ಲೋ ಯಾರೋ ಫೋಲ್ಡರ್ ಸರಿಸಿದ್ದಾರೆ ಎಂದರ್ಥ. ಮೇಲಿನ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಫೈಂಡ್ ಮಿಸ್ಸಿಂಗ್ ಫೋಲ್ಡರ್’ ಕೊಟ್ಟು ಈಗ ಅದಿರುವ ಜಾಗ ತೋರಿಸಿ. ಮತ್ತೆ ಇಂಪೋರ್ಟ್ ಮಾಡಲು ಹೋಗಬೇಡಿ. ಫೋಟೋ ಬರುತ್ತದೆ, ಎಡಿಟ್ ಬರುವುದಿಲ್ಲ, ಒಂದೊಂದಕ್ಕೂ ಎರಡೆರಡು ನಮೂದು ಸೇರಿಕೊಳ್ಳುತ್ತದೆ.

ಇದಕ್ಕಿಂತ ಅಪಾಯದ್ದು ‘ಸಿಂಕ್ರೊನೈಸ್ ಫೋಲ್ಡರ್’. ಅದರ ಕಿಟಕಿಯಲ್ಲಿ ಕಾಣೆಯಾದ ಫೋಟೋಗಳನ್ನು ಕ್ಯಾಟಲಾಗಿನಿಂದ ತೆಗೆಯುವ ಟಿಕ್ ಇದೆ. ವಿಳಾಸ ತಪ್ಪಿರುವಾಗ ಇದಕ್ಕೆ ಒಪ್ಪಿಗೆ ಕೊಟ್ಟರೆ ಲೈಟ್‌ರೂಮ್ ಆ ಫೋಟೋಗಳನ್ನೆಲ್ಲ ಮರೆತುಬಿಡುತ್ತದೆ, ಜೊತೆಗೆ ಅವುಗಳ ಎಡಿಟ್, ಕಲೆಕ್ಷನ್ ಎಲ್ಲವನ್ನೂ. ಆ ಟಿಕ್ ಪಕ್ಕದ ಸಂಖ್ಯೆ ನೀವು ನಿರೀಕ್ಷಿಸಿದ್ದಕ್ಕಿಂತ ಹೆಚ್ಚಿದ್ದರೆ ಕ್ಯಾನ್ಸಲ್ ಒತ್ತಿ.

ಇದಕ್ಕೊಂದು ವಿಮೆ ಎಂದರೆ ಕ್ಯಾಟಲಾಗ್ ಸೆಟ್ಟಿಂಗ್ಸ್‌ನ ಮೆಟಾಡೇಟಾದಲ್ಲಿ ಬದಲಾವಣೆಗಳನ್ನು ತಾನಾಗಿ ಎಕ್ಸ್‌ಎಂಪಿಗೆ ಬರೆಯುವ ಆಯ್ಕೆ. ಆಗ ಡೆವಲಪ್ ಸೆಟ್ಟಿಂಗ್, ಸ್ಟಾರ್, ಕೀವರ್ಡ್ ರಾ ಫೈಲಿನ ಪಕ್ಕದಲ್ಲೂ ಉಳಿಯುತ್ತವೆ. ಕಲೆಕ್ಷನ್, ವರ್ಚುವಲ್ ಕಾಪಿ, ಸ್ಟ್ಯಾಕ್, ಹಿಸ್ಟರಿ ಇದರಲ್ಲಿ ಇರುವುದಿಲ್ಲ. ಹಾಗಾಗಿ ಎಕ್ಸ್‌ಎಂಪಿ ಇದೆ ಎಂದು ಕ್ಯಾಟಲಾಗ್ ಬ್ಯಾಕಪ್ ಬಿಡುವಂತಿಲ್ಲ.

ಬ್ಯಾಕಪ್, ಮತ್ತು ಡಿಸ್ಕ್ ಬದಲಿಸುವುದು

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಈ 3-2-1 ಸೂತ್ರ ಇಂದಿಗೂ ಸರಿ. ನಮ್ಮಲ್ಲಿ ಸಾಮಾನ್ಯವಾಗಿ ತಪ್ಪುವುದು ಕೊನೆಯದು: ಎರಡು ಡಿಸ್ಕೂ ಒಂದೇ ಬ್ಯಾಗಿನಲ್ಲಿ ಇರುತ್ತವೆ, ಬ್ಯಾಗ್ ಹೋದರೆ ಎರಡೂ ಹೋಗುತ್ತವೆ. ಒಂದನ್ನು ಸ್ಟುಡಿಯೊದಲ್ಲಿ, ಇನ್ನೊಂದನ್ನು ಮನೆಯಲ್ಲಿ ಇಡಿ.

ಎಲ್ಲ ರಾ ಫೈಲನ್ನೂ ಕ್ಲೌಡಿಗೆ ಏರಿಸುವ ಮುಂಚೆ ಲೆಕ್ಕ ಹಾಕಿ. 40 ಎಂಬಿಪಿಎಸ್ ಅಪ್‌ಲೋಡಿನಲ್ಲಿ 2 ಟಿಬಿ ಹೋಗಲು ಬಿಡುವಿಲ್ಲದೆ ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು. ಕ್ಯಾಟಲಾಗ್ ಬ್ಯಾಕಪ್, ಗ್ರಾಹಕರಿಗೆ ಕೊಟ್ಟ ಜೆಪೆಗ್, ಆಲ್ಬಮ್ಮಿಗೆ ಹೋದ ರಾ, ಇಷ್ಟನ್ನು ಏರಿಸಿದರೂ ಮುಖ್ಯವಾದದ್ದು ಉಳಿಯುತ್ತದೆ.

ಡಿಸ್ಕಿನಿಂದ ಡಿಸ್ಕಿಗೆ ವಿಂಡೋಸ್‌ನಲ್ಲಿ ಫ್ರೀಫೈಲ್‌ಸಿಂಕ್, ಮ್ಯಾಕ್‌ನಲ್ಲಿ ಕಾರ್ಬನ್ ಕಾಪಿ ಕ್ಲೋನರ್ ಚೆನ್ನಾಗಿವೆ. ಫ್ರೀಫೈಲ್‌ಸಿಂಕ್‌ನಲ್ಲಿ ‘ಮಿರರ್’ ಆರಿಸಿದರೆ ಮೂಲದಲ್ಲಿ ಅಳಿದದ್ದು ಬ್ಯಾಕಪ್ಪಿನಲ್ಲೂ ಅಳಿಯುತ್ತದೆ. ಮದುವೆ ಫೋಲ್ಡರನ್ನು ಸೋಮವಾರ ತಪ್ಪಿ ಡಿಲೀಟ್ ಮಾಡಿ ಮಂಗಳವಾರ ಸಿಂಕ್ ಮಾಡಿದರೆ ಎರಡೂ ಕಡೆ ಇಲ್ಲ. ಅದಕ್ಕೆ ಅಳಿಸುವ ವಿಧಾನದಲ್ಲಿ ‘ವರ್ಷನಿಂಗ್’ ಆರಿಸಿ ಬೇರೊಂದು ಫೋಲ್ಡರ್ ಕೊಡಿ. ಅಳಿದದ್ದು ಅಲ್ಲಿ ಉಳಿದಿರುತ್ತದೆ. ಸಿಂಕ್ ಒತ್ತುವ ಮುಂಚೆ ‘ಕಂಪೇರ್’ ಮಾಡಿ ಅಳಿಸುವ ಫೈಲುಗಳ ಸಂಖ್ಯೆ ನೋಡುವ ಅಭ್ಯಾಸ ಇರಲಿ.

ಲೈಟ್‌ರೂಮ್ ಮುಚ್ಚುವಾಗ ಕೇಳುವ ಬ್ಯಾಕಪ್ ಕ್ಯಾಟಲಾಗಿನದು ಮಾತ್ರ, ಫೋಟೋಗಳದ್ದಲ್ಲ. ಅದು ತಾನಾಗಿ ಕ್ಯಾಟಲಾಗ್ ಪಕ್ಕದಲ್ಲೇ, ಅದೇ ಡಿಸ್ಕಿನಲ್ಲಿ ಹೋಗಿ ಕೂರುತ್ತದೆ. ಆ ಕಿಟಕಿಯಲ್ಲೇ ‘ಚೂಸ್’ ಒತ್ತಿ ಎಕ್ಸ್‌ಟರ್ನಲ್ ಡಿಸ್ಕಿನ ಜಾಗ ತೋರಿಸಿ, ಇಂಟೆಗ್ರಿಟಿ ಟೆಸ್ಟ್ ಟಿಕ್ ಇಡಿ. ಹಳೆಯ ಬ್ಯಾಕಪ್‌ಗಳನ್ನು ಲೈಟ್‌ರೂಮ್ ಅಳಿಸುವುದಿಲ್ಲ. ಕೊನೆಯ ಐದಾರು ಉಳಿಸಿಕೊಂಡು ಮಿಕ್ಕದ್ದನ್ನು ನೀವೇ ತೆಗೆಯಿರಿ.

2 ಟಿಬಿ ತುಂಬಿ 4 ಟಿಬಿಗೆ ಹೋಗುವಾಗ: ಲೈಟ್‌ರೂಮ್ ಮುಚ್ಚಿ, ವೆರಿಫೈ ಸಮೇತ ಪೂರ್ತಿ ಫೋಲ್ಡರ್ ಕಾಪಿ ಮಾಡಿ, ಹಳೆಯ ಡಿಸ್ಕ್ ಕಳಚಿ, ಹೊಸದಕ್ಕೆ ಹಳೆಯದರ ಅಕ್ಷರವನ್ನೇ ಅಥವಾ ಹೆಸರನ್ನೇ ಕೊಡಿ. ಲೈಟ್‌ರೂಮ್ ತೆರೆದರೆ ಏನೂ ಬದಲಾಗಿಲ್ಲವೆಂಬಂತೆ ಎಲ್ಲ ಕಾಣುತ್ತದೆ. ಲೈಟ್‌ರೂಮಿನೊಳಗೆ ಫೋಲ್ಡರನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಎಳೆದೂ ಸಾಗಿಸಬಹುದು, ಒಂದು ಕಾರ್ಯಕ್ರಮಕ್ಕೆ ಅದು ಸಾಕು. ಟಿಬಿಗಟ್ಟಲೆ ಸಾಗಿಸಲು ಅದನ್ನು ನೆಚ್ಚಬೇಡಿ, ಮಧ್ಯದಲ್ಲಿ ನಿಂತರೆ ಯಾವುದು ಹೋಗಿದೆ, ಯಾವುದು ಉಳಿದಿದೆ ಎಂದು ಹುಡುಕುವ ಪರದಾಟ.

ಡಿಸ್ಕಿನ ಆರೋಗ್ಯಕ್ಕೆ ತಿಂಗಳಿಗೊಮ್ಮೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್ ತೆರೆದು ನಾಲ್ಕು ಸಾಲು ನೋಡಿ. 05 ಎಂದರೆ ಕೆಟ್ಟು ಬದಲಾದ ಸೆಕ್ಟರುಗಳು, ಸಿ5 ಓದಲು ತಡವರಿಸುತ್ತಿರುವವು, ಸಿ6 ಸರಿಪಡಿಸಲಾಗದವು. ಸಿ5 ಅಥವಾ ಸಿ6ರಲ್ಲಿ ಸೊನ್ನೆ ಬಿಟ್ಟು ಬೇರೆ ಏನಾದರೂ ಕಂಡರೆ ಅವತ್ತೇ ಕಾಪಿ ಮಾಡಿಕೊಂಡು ಆ ಡಿಸ್ಕನ್ನು ನಿವೃತ್ತಿ ಮಾಡಿ. ಸಿ7 ಒಂದೇ ಏರುತ್ತಿದ್ದರೆ ತೊಂದರೆ ಬಹುತೇಕ ಕೇಬಲ್ ಅಥವಾ ಸಂಪರ್ಕದಲ್ಲಿ. ಮಳೆಗಾಲದ ಕರಾವಳಿ, ಮಲೆನಾಡಿನಲ್ಲಿ ಡಿಸ್ಕುಗಳನ್ನು ಲೆನ್ಸ್‌ಗಳ ಹಾಗೆಯೇ ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿಡಿ. ಪಿನ್ನುಗಳಿಗೆ ತುಕ್ಕು ಹಿಡಿದರೆ ಡಿಸ್ಕ್ ಚೆನ್ನಾಗಿದ್ದೂ ಕಾಣಿಸಿಕೊಳ್ಳುವುದಿಲ್ಲ. ಬೀರುವಿನಲ್ಲಿರುವ ಬ್ಯಾಕಪ್ ಡಿಸ್ಕನ್ನು ಮೂರ್ನಾಲ್ಕು ತಿಂಗಳಿಗೊಮ್ಮೆ ಹಾಕಿ ಕೆಲವು ಫೋಲ್ಡರ್ ತೆರೆದು ನೋಡಿ.

ಡಿಸ್ಕ್ ಟಿಕ್-ಟಿಕ್ ಸದ್ದು ಮಾಡಲು ಶುರುಮಾಡಿ ಫೈಲ್ ತೆರೆಯದಿದ್ದರೆ ಮತ್ತೆ ಮತ್ತೆ ಹಾಕಿ ತೆಗೆಯಬೇಡಿ, ‘ಸ್ಕ್ಯಾನ್ ಅಂಡ್ ಫಿಕ್ಸ್’ಗೆ ಹೂಂ ಎನ್ನಬೇಡಿ. ಹೆಡ್ ಕೆಟ್ಟಿದ್ದರೆ ಪ್ರತಿ ಸುತ್ತಿಗೂ ಪ್ಲೇಟಿನ ಮೇಲೆ ಗೀರು ಹೆಚ್ಚುತ್ತದೆ. ಹಲವು ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಕನೆಕ್ಟರ್ ಡಿಸ್ಕಿನ ಬೋರ್ಡಿಗೇ ಬೆಸೆದಿರುವುದರಿಂದ ಪೆಟ್ಟಿಗೆ ಬಿಚ್ಚಿ ಬೇರೆ ಕೇಸಿಗೆ ಹಾಕುವ ಉಪಾಯವೂ ನಡೆಯುವುದಿಲ್ಲ. ಕಳಚಿ ಪಕ್ಕಕ್ಕಿಡಿ, ಬ್ಯಾಕಪ್ ಡಿಸ್ಕಿಗೆ ಅದರ ಅಕ್ಷರವನ್ನೋ ಹೆಸರನ್ನೋ ಕೊಟ್ಟು ಕೆಲಸ ಮುಂದುವರಿಸಿ, ಮತ್ತು ಅದೇ ದಿನ ಹೊಸದೊಂದು ಡಿಸ್ಕ್ ತಂದು ಎರಡನೇ ಪ್ರತಿ ಮಾಡಿಕೊಳ್ಳಿ. ಬ್ಯಾಕಪ್ಪಿನಲ್ಲಿ ಇಲ್ಲದ ಫೋಟೋ ಕೆಟ್ಟ ಡಿಸ್ಕಿನಲ್ಲಿದ್ದರೆ ಅದನ್ನು ಡೇಟಾ ರಿಕವರಿ ಮಾಡುವವರ ಕೈಗೆ ಹಾಗೆಯೇ ಕೊಡಿ, ಮೊದಲು ಬೇರೆ ಸಾಫ್ಟ್‌ವೇರ್ ಓಡಿಸಿ ನೋಡಬೇಡಿ.